ಹತ್ತೊಂಬತ್ತು ಡಾಲರಿನ ಕಣ್ಣು

ಬೇಟೆಯ ಬಂದೂಕೆಂದರೆ ಕನ್ನಡದ ಓದುಗರಿಗೆ ತಟ್ಟನೆ ನೆನಪಾಗುವುದು ಕೆನೆತ್ ಆಂಡರ್ಸನ್‌ನ .405 ವಿಂಚೆಸ್ಟರ್. ಬೆಂಗಳೂರಿನ ಆ ಶಿಕಾರಿಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲಂತೂ ಮಚಾನು, ಕಗ್ಗತ್ತಲೆ, ನರಭಕ್ಷಕ ಹುಲಿ, ಭುಜಕ್ಕೆ ಒದೆಯುವ ಭಾರಿ ರೈಫಲು ಇವೆಲ್ಲ ಒಂದೇ ಚಿತ್ರವಾಗಿ ಮನಸ್ಸಿನಲ್ಲಿ ಕೂತುಬಿಟ್ಟಿವೆ. ಆದರೆ ಜಗತ್ತಿನಲ್ಲಿ ದಿನವೂ ಹಾರುವ ಗುಂಡುಗಳಲ್ಲಿ ಹುಲಿ ಚಿರತೆಗಳ ಪಾಲು ಎಂದೂ ದೊಡ್ಡದಾಗಿರಲಿಲ್ಲ. ಬಹಳಷ್ಟು ಗುಂಡುಗಳು ಹಾರುವುದು ತಗಡಿನ ಡಬ್ಬಿಗೆ, ಕಾಗದದ ಗುರಿಗೆ, ಮೊಲಕ್ಕೆ, ಅಳಿಲಿಗೆ. ಅವನ್ನು ಹಾರಿಸುವುದು ಒಂದು ಪುಟ್ಟ ಬಂದೂಕು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ನೆಲದ ಮೇಲೆ ಮಲಗಿ ಐದು ಗುಂಡು ಹಾರಿಸಿ ಬಂದವರಿಗೆಲ್ಲ ಅದರ ಪರಿಚಯವಿದೆ. ಅದೇ ‘ಪಾಯಿಂಟ್ ಟೂ ಟೂ’.

.22 ಎಂದರೆ ನಳಿಗೆಯ ಒಳವ್ಯಾಸ ಒಂದು ಅಂಗುಲದ ನೂರರಲ್ಲಿ ಇಪ್ಪತ್ತೆರಡು ಪಾಲು, ಹೆಚ್ಚುಕಡಿಮೆ ಐದೂವರೆ ಮಿಲಿಮೀಟರ್. ಇದರ ತೋಟಾಕ್ಕೆ ಇಂಗ್ಲಿಷಿನಲ್ಲಿ ‘ರಿಮ್‌ಫೈರ್’ ಎಂಬ ಹೆಸರು. ದೊಡ್ಡ ಬಂದೂಕಿನ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ನಡುವೆ ಒಂದು ಪುಟ್ಟ ಬಟ್ಟಲಿನಲ್ಲಿರುತ್ತದೆ. ಇದರಲ್ಲಿ ಅದು ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ತುಂಬಿರುತ್ತದೆ. ಬಂದೂಕಿನ ಸೂಜಿ ಆ ಅಂಚನ್ನು ಕುಟ್ಟಿದರೆ ಸಾಕು. ಫ್ರಾನ್ಸಿನ ಫ್ಲೋಬೆರ್ 1845ರಲ್ಲಿ ಮನೆಯೊಳಗಿನ ಗುರಿಯಾಟಕ್ಕೆಂದು ಇಂಥದೊಂದನ್ನು ಮಾಡಿದ. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪೆನಿ 1857ರಲ್ಲಿ .22 ಶಾರ್ಟ್ ಎಂಬ ತೋಟಾ ತಂದಿತು. 1887ರಲ್ಲಿ ಸ್ಟೀವನ್ಸ್ ಕಂಪೆನಿಯ ಹೆಸರಿನಲ್ಲಿ ಬಂದ .22 ಲಾಂಗ್ ರೈಫಲ್ ಇಂದಿಗೂ ಹಾಗೆಯೇ ಉಳಿದಿದೆ. ಅದರ ಗುಂಡಿನ ತೂಕ ಸುಮಾರು ಎರಡೂವರೆ ಗ್ರಾಂ. ಸದ್ದು ಕಡಿಮೆ, ಭುಜಕ್ಕೆ ಒದೆ ಇಲ್ಲವೆಂದೇ ಹೇಳಬೇಕು, ಬೆಲೆಯೂ ಅಗ್ಗ.

ಈ ಪುಟ್ಟ ಬಂದೂಕಿನ ಮೇಲೆ ಕೂರಿಸುವ ದುರ್ಬೀನು, ಅಂದರೆ ಸ್ಕೋಪು, ಎಂಥದಿರಬೇಕು, ಅದಕ್ಕೆ ಎಷ್ಟು ದುಡ್ಡು ಸುರಿಯಬೇಕು ಎಂಬುದು ಅಮೆರಿಕದ ಹಳ್ಳಿಗಾಡಿನಲ್ಲಿ ತಲೆಮಾರುಗಳಿಂದ ನಡೆದುಬಂದ ಚರ್ಚೆ. ಚರ್ಚೆ ಸಣ್ಣದಾಗಿ ಕಂಡರೂ ಅದರ ಹಿಂದೆ ಅಡುಗೆಮನೆಯ ಲೆಕ್ಕವಿದೆ, ಒಂದು ಪ್ರಾಣಿಯ ಸಾವು ಹೇಗಿರಬೇಕೆಂಬ ಪ್ರಶ್ನೆಯೂ ಇದೆ.

ಅಳಿಲನ್ನು ಕೊಂದು ತಿನ್ನುವುದೆಂದರೆ ನಮ್ಮವರಿಗೆ ಮೊದಲು ಮುಜುಗರವೇ ಆಗುತ್ತದೆ. ಸೇತುವೆಗೆ ಮರಳು ಹೊತ್ತು ರಾಮನ ಬೆರಳ ಗುರುತನ್ನು ಬೆನ್ನ ಮೇಲೆ ಪಡೆದ ಪ್ರಾಣಿ ಅದು. ಕಾನೂನಿನ ದೃಷ್ಟಿಯಿಂದಲೂ ಭಾರತದಲ್ಲಿ ಆ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯ ನಂತರ ಪರವಾನಗಿ ಪಡೆದು ಮೋಜಿಗೆ ಶಿಕಾರಿ ಮಾಡುವ ದಾರಿ ಮುಚ್ಚಿದೆ. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಆದರೆ ಅದು ಕೋವಿಗೆ ಸಿಕ್ಕ ವಿನಾಯಿತಿಯೇ ಹೊರತು ಬೇಟೆಗಲ್ಲ. ಕೈಲ್ಪೊಳ್ದಿನ ದಿನ ಪೂಜೆಗೊಂಡ ಕೋವಿ ಇಂದು ಗುರಿ ಹಿಡಿಯುವುದು ತೆಂಗಿನಕಾಯಿಗೆ.

ಅಮೆರಿಕದ ಕತೆ ಬೇರೆ. ಅಲ್ಲಿಯ ಬೂದು ಅಳಿಲು ನಮ್ಮ ಮನೆಯಂಗಳದ ಅಳಿಲಿಗಿಂತ ನಾಲ್ಕೈದು ಪಟ್ಟು ತೂಕದ್ದು. ಓಕ್ ಮತ್ತು ಹಿಕರಿ ಮರಗಳ ಕಾಯಿ ತಿಂದು ಕೊಬ್ಬುತ್ತದೆ. ವಲಸೆ ಬಂದ ರೈತರು ಕಾಡು ಕಡಿದು ಜೋಳ ಬಿತ್ತಿದಾಗ ಹಿಂಡುಗಟ್ಟಲೆ ಬಂದು ತೆನೆ ಮುಕ್ಕುತ್ತಿತ್ತು. ಬೆಳೆ ಉಳಿಸಿಕೊಳ್ಳಲೂ ಸಾರು ಮಾಡಲೂ ರೈತನ ಮಗನಿಗೆ ಒಂದು ಸಣ್ಣ ಬಂದೂಕು ಬೇಕಾಯಿತು. ಬ್ರನ್ಸ್‌ವಿಕ್ ಸ್ಟ್ಯೂ ಎಂಬ ಹೆಸರಾಂತ ಮಾಂಸದ ಗೊಜ್ಜು ಮೊದಲು ಬೆಂದದ್ದು ಅಳಿಲಿನಿಂದಲೇ ಎನ್ನುತ್ತಾರೆ. ಅದು ತಮ್ಮದೆಂದು ವರ್ಜೀನಿಯಾ ಮತ್ತು ಜಾರ್ಜಿಯಾ ರಾಜ್ಯದವರು ಇಂದಿಗೂ ಜಗಳವಾಡುತ್ತಾರೆ, ನಮ್ಮಲ್ಲಿ ಮೈಸೂರು ಪಾಕಿಗೆ ವಾರಸುದಾರರು ಹುಟ್ಟಿಕೊಳ್ಳುವ ಹಾಗೆ. 1862ರ ಸೆಪ್ಟೆಂಬರಿನಲ್ಲಿ, ಅಂತರ್ಯುದ್ಧದ ಕಾಲದಲ್ಲಿ, ದಕ್ಷಿಣದ ಸೇನೆ ಸಿನ್ಸಿನಾಟಿ ನಗರದ ಮೇಲೆ ಏರಿಬಂದಾಗ ಓಹಾಯೋ ರಾಜ್ಯಪಾಲ ಡೇವಿಡ್ ಟಾಡ್ ಹಳ್ಳಿಗರಿಗೆ ಕರೆ ಕೊಟ್ಟ. ಹದಿನೈದು ಸಾವಿರಕ್ಕೂ ಹೆಚ್ಚು ಮಂದಿ ಮನೆಯ ಬಂದೂಕು ಹೊತ್ತು ಬಂದರು. ಚರಿತ್ರೆ ಅವರನ್ನು ಕರೆಯುವುದೇ ‘ಅಳಿಲು ಬೇಟೆಗಾರರು’ ಎಂದು.

ಈ ಬೇಟೆಯಲ್ಲಿ ಒಂದು ಮರ್ಯಾದೆಯ ಪ್ರಶ್ನೆಯಿದೆ. ಅಳಿಲಿನ ಮೈಗೆ ಗುಂಡು ಬಿದ್ದರೆ ಇರುವ ಅಷ್ಟಿಷ್ಟು ಮಾಂಸವೂ ಕೆಡುತ್ತದೆ. ಹೊಟ್ಟೆಗೆ ಬಿದ್ದರೆ ಪ್ರಾಣಿ ಮರದ ಪೊಟರೆಯೊಳಗೆ ತೂರಿ ಗಂಟೆಗಟ್ಟಲೆ ನರಳಿ ಸಾಯುತ್ತದೆ, ಬೇಟೆಗಾರನಿಗೂ ಸಿಕ್ಕುವುದಿಲ್ಲ. ಹಾಗಾಗಿ ತಲೆಗೇ ಹೊಡೆಯಬೇಕು. ಪಕ್ಷಿಚಿತ್ರಗಾರ ಆಡುಬಾನ್, ಕೆಂಟಕಿಯ ಡೇನಿಯಲ್ ಬೂನ್ ಅಳಿಲಿಗೆ ಗುಂಡು ತಾಗಿಸದೆ ಅದರಡಿಯ ತೊಗಟೆಗೆ ಹೊಡೆದು, ತೊಗಟೆ ಸಿಡಿದ ಪೆಟ್ಟಿಗೇ ಅದನ್ನು ಕೆಡವುತ್ತಿದ್ದನೆಂದು ಬರೆದಿದ್ದಾನೆ. ಇದನ್ನು ಆತ ಕಣ್ಣಾರೆ ಕಂಡನೇ ಎಂಬ ಬಗ್ಗೆ ಇತಿಹಾಸಕಾರರಿಗೆ ಗುಮಾನಿಯಿದೆ. ಅದೇನೇ ಇರಲಿ, ಗುರಿಯ ಅಳತೆಯಂತೂ ಕತೆಯಲ್ಲ. ಬೂದು ಅಳಿಲಿನ ತಲೆ ಒಂದೂವರೆ ಅಂಗುಲ. ಅದರೊಳಗೆ ಗುಂಡು ತಾಗಿದ ಕ್ಷಣದಲ್ಲೇ ಜೀವ ಹೋಗುವ ಜಾಗ ಸುಲಿದ ಅಡಿಕೆಯಷ್ಟು. ದೂರ ಇಪ್ಪತ್ತರಿಂದ ಐವತ್ತು ಗಜ, ಬೆಳಕು ಮುಂಜಾನೆಯದು, ನಡುವೆ ಎಲೆಗಳ ಮರೆ.

ಬರಿಗಣ್ಣಿನಲ್ಲಿ ಗುರಿಯಿಡುವಾಗ ಬಂದೂಕಿನ ಹಿಂದಿನ ಕಚ್ಚು, ನಳಿಗೆಯ ತುದಿಯ ಮೊನೆ, ದೂರದ ಗುರಿ ಇವು ಮೂರನ್ನೂ ಒಂದೇ ಗೆರೆಗೆ ತರಬೇಕು. ಕಣ್ಣು ಒಂದು ಸಲಕ್ಕೆ ಒಂದು ದೂರವನ್ನು ಮಾತ್ರ ಸ್ಪಷ್ಟವಾಗಿ ಹಿಡಿಯಬಲ್ಲದು. ಹುಡುಗರ ಕಣ್ಣು ಹೇಗೋ ನಿಭಾಯಿಸುತ್ತದೆ. ನಲವತ್ತು ದಾಟಿ ಪತ್ರಿಕೆಯನ್ನು ಕೈಚಾಚಿ ಹಿಡಿದು ಓದುವ ವಯಸ್ಸು ಬಂದರೆ ಕಚ್ಚು ಮಸುಕಾಗುತ್ತದೆ. ದುರ್ಬೀನಿನ ದೊಡ್ಡ ಉಪಕಾರ ಇಲ್ಲಿದೆ. ಅದು ಗುರಿಯನ್ನು ದೊಡ್ಡದು ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗುರಿಯನ್ನೂ ಗುರಿಗೆರೆಯನ್ನೂ ಒಂದೇ ಸಮತಲದಲ್ಲಿ ತಂದು ನಿಲ್ಲಿಸುತ್ತದೆ ಎಂಬುದು ಅದಕ್ಕಿಂತ ಮುಖ್ಯ.

ಈ ಗುಣ ಗೊತ್ತಾದದ್ದು ಬಂದೂಕಿನವರಿಗಲ್ಲ, ಆಕಾಶ ನೋಡುವವರಿಗೆ. ಕೆಪ್ಲರ್ 1611ರಲ್ಲಿ ಎರಡು ಉಬ್ಬು ಮಸೂರಗಳ ದೂರದರ್ಶಕವನ್ನು ವಿವರಿಸಿದ. ಅದರಲ್ಲಿ ಎರಡು ಮಸೂರಗಳ ನಡುವೆ ಒಂದು ಜಾಗದಲ್ಲಿ ಬಿಂಬ ಮೂಡುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರಿನ ತರುಣ ವಿಲಿಯಂ ಗ್ಯಾಸ್ಕಾಯಿನ್ 1640ರ ಸುಮಾರಿಗೆ ತನ್ನ ದೂರದರ್ಶಕದೊಳಗೆ ಜೇಡವೊಂದು ನೂಲು ಎಳೆದಿರುವುದನ್ನೂ, ಆ ನೂಲು ನಕ್ಷತ್ರದಷ್ಟೇ ಸ್ಪಷ್ಟವಾಗಿ ಕಾಣುವುದನ್ನೂ ಗಮನಿಸಿದನೆಂಬ ಕತೆಯಿದೆ. ಜೇಡ ಆಕಸ್ಮಿಕವಾಗಿ ಆ ಬಿಂಬದ ಜಾಗದಲ್ಲೇ ನೂಲು ಕಟ್ಟಿತ್ತು. ಗ್ಯಾಸ್ಕಾಯಿನ್ 1644ರ ಮಾರ್ಸ್ಟನ್ ಮೂರ್ ಕದನದಲ್ಲಿ ಸತ್ತ. ಜೇಡರ ನೂಲು ಮಾತ್ರ ಮುಂದೆ ಶತಮಾನಗಳ ಕಾಲ ಅಳತೆಯ ಉಪಕರಣಗಳಲ್ಲಿ ಗೆರೆಯಾಗಿ ಉಳಿಯಿತು.

ಬಂದೂಕಿನ ಮೇಲೆ ದುರ್ಬೀನು ಗಟ್ಟಿಯಾಗಿ ಕುಳಿತದ್ದು ಹತ್ತೊಂಬತ್ತನೆಯ ಶತಮಾನದ ನಡುವೆ. ನ್ಯೂಯಾರ್ಕ್ ರಾಜ್ಯದ ವಿಲಿಯಂ ಮಾಲ್ಕಂ 1855ರಿಂದ ತಯಾರಿಸಿದ ಉದ್ದನೆಯ ಕೊಳವೆಗಳು ಅಂತರ್ಯುದ್ಧದ ಗುರಿಕಾರರ ಬಂದೂಕುಗಳ ಮೇಲಿದ್ದವು. ನಂತರ ಜರ್ಮನಿಯ ಗಾಜು ಬಂತು. ಇವೆಲ್ಲ ಸೈನಿಕರ, ಪಂದ್ಯಗಾರರ, ಹಣವಂತ ಶಿಕಾರಿಗಳ ಸೊತ್ತು. ಜೋಳದ ಹೊಲದ ಹುಡುಗನಿಗೆ ಅದು ಎಟುಕುವಂತಿರಲಿಲ್ಲ.

ಎಟುಕುವಂತೆ ಮಾಡಿದವನು ವಿಲಿಯಂ ರಾಲ್ಫ್ ವೀವರ್. 1930ರಲ್ಲಿ, ಆರ್ಥಿಕ ಕುಸಿತದಿಂದ ಅಂಗಡಿ ಕಾರ್ಖಾನೆಗಳು ಮುಚ್ಚುತ್ತಿದ್ದ ಹೊತ್ತಿನಲ್ಲಿ, ಕೆಂಟಕಿಯ ನ್ಯೂಪೋರ್ಟ್ ಊರಿನಲ್ಲಿ ಆತ ಕಂಪೆನಿ ತೆರೆದ. ನದಿಯ ಆಚೆ ದಡದಲ್ಲೇ ಸಿನ್ಸಿನಾಟಿ. ಅಳಿಲು ಬೇಟೆಗಾರರು ಬಂದೂಕು ಹೊತ್ತು ಬಂದು ಕಾದ ನಗರವೇ ಅದು. ವೀವರನ 3-30 ಎಂಬ ದುರ್ಬೀನು ಗುರಿಯನ್ನು ಸುಮಾರು ಮೂರು ಪಟ್ಟು ಹಿಗ್ಗಿಸುತ್ತಿತ್ತು. ಮುಕ್ಕಾಲಂಗುಲದ ಸಣ್ಣ ಉಕ್ಕಿನ ಕೊಳವೆ. ಬಂದೂಕಿಗೆ ಕೂರಿಸುವ ಹಿಡಿಕೆಯೂ ಸೇರಿ ಬೆಲೆ ಹತ್ತೊಂಬತ್ತು ಡಾಲರು. ಒಂಟಿಗುಂಡಿನ ಸಾದಾ .22 ಬಂದೂಕು ಐದಾರು ಡಾಲರಿಗೆ ಸಿಗುತ್ತಿದ್ದ ಕಾಲದಲ್ಲಿ ಇದೂ ಕಡಿಮೆಯೇನಲ್ಲ. ಆದರೂ ಒಂದು ಬೇಸಿಗೆ ದುಡಿದು ಕೂಡಿಟ್ಟರೆ ದಕ್ಕುವ ಮೊತ್ತ. ಮುಂದೆ ವೀವರ್ .22ಕ್ಕೆಂದೇ ಇನ್ನೂ ಸರಳವಾದವನ್ನು ಮಾಡಿದ. 1933ರಲ್ಲಿ ಕಂಪೆನಿ ಟೆಕ್ಸಾಸಿನ ಎಲ್ ಪಾಸೋಗೆ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಅವಸರವಾಗಿ ದುರ್ಬೀನು ಬೇಕಾದಾಗ ಇದೇ ಬಡವರ 330 ಮಾದರಿಯನ್ನು ಹೆಸರು ಬದಲಿಸಿ ಸ್ಪ್ರಿಂಗ್‌ಫೀಲ್ಡ್ ರೈಫಲಿನ ಮೇಲೆ ಏರಿಸಿದರು. ಅಗ್ಗದ್ದೆಂದು ಮೂಗು ಮುರಿದವರಿಗೆ ಇದಕ್ಕಿಂತ ಉತ್ತರ ಬೇಕಿರಲಿಲ್ಲ.

ಈಗ ಅಮೆರಿಕದ ಅಂಗಡಿಗೆ ಹೋದರೆ .22ಕ್ಕೆಂದು ಐವತ್ತು ಡಾಲರಿನಿಂದ ಇನ್ನೂರರವರೆಗೆ ಹತ್ತಾರು ದುರ್ಬೀನುಗಳು ಕಾಣುತ್ತವೆ. ಸಾವಿರ ದಾಟಿದವೂ ಇವೆ. ಗಿರಾಕಿ ಸಾಮಾನ್ಯವಾಗಿ ಮರುಳಾಗುವುದು ಎರಡು ಸಂಖ್ಯೆಗಳಿಗೆ: ಎಷ್ಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು ಎಷ್ಟು ಅಗಲ. ‘3-9×40’ ಎಂದು ಪೆಟ್ಟಿಗೆಯ ಮೇಲಿದ್ದರೆ ಮೂರರಿಂದ ಒಂಬತ್ತು ಪಟ್ಟು, ಮುಂದಿನ ಮಸೂರ ನಲವತ್ತು ಮಿಲಿಮೀಟರು ಎಂದರ್ಥ. ಜಿಂಕೆ ಬೇಟೆಯ ದೊಡ್ಡ ರೈಫಲಿಗೆಂದು ಮಾಡಿದ ಇಂಥದು ರಿಯಾಯಿತಿ ಬೆಲೆಗೆ ಸಿಕ್ಕಿತೆಂದು ತಂದು .22ರ ಮೇಲೆ ಕೂರಿಸುವವರು ಬಹಳ. ಅಲ್ಲೇ ಎಡವುವುದು. ಕೇಳಬೇಕಾದ ಮೊದಲ ಪ್ರಶ್ನೆ ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಇರುವುದೇ ಇಲ್ಲ. ಅದು ಪ್ಯಾರಲಾಕ್ಸಿನ ಪ್ರಶ್ನೆ.

ಬಸ್ಸಿನಲ್ಲಿ ಡ್ರೈವರಿನ ಎಡಕ್ಕೆ ಕೂತವನು ಸ್ಪೀಡೋಮೀಟರಿನ ಮುಳ್ಳನ್ನು ಓರೆಯಾಗಿ ನೋಡುತ್ತಾನೆ. ಡ್ರೈವರಿಗೆ ಐವತ್ತು ಕಂಡರೆ ಇವನಿಗೆ ಬೇರೊಂದು ಅಂಕಿ ಕಾಣುತ್ತದೆ. ಮುಳ್ಳಿಗೂ ಅಂಕಿಗೂ ನಡುವೆ ಕೊಂಚ ಸಂದು ಇರುವುದೇ ಇದಕ್ಕೆ ಕಾರಣ. ದುರ್ಬೀನಿನೊಳಗೂ ಹೀಗೆಯೇ. ಗುರಿಯ ಬಿಂಬ ಸರಿಯಾಗಿ ಗುರಿಗೆರೆಯ ಮೇಲೆಯೇ ಬೀಳುವುದು ಒಂದು ದೂರಕ್ಕೆ ಮಾತ್ರ. ಆ ದೂರವನ್ನು ಕಾರ್ಖಾನೆಯಲ್ಲೇ ನಿಗದಿ ಮಾಡಿರುತ್ತಾರೆ. ದೊಡ್ಡ ರೈಫಲಿನ ದುರ್ಬೀನಿಗೆ ಅದು ನೂರು ಗಜ ಅಥವಾ ಇನ್ನೂ ಹೆಚ್ಚು. .22ಕ್ಕೆಂದು ಮಾಡಿದ್ದಕ್ಕೆ ಐವತ್ತು ಅಥವಾ ಅರವತ್ತು ಗಜ. ಆ ದೂರ ತಪ್ಪಿದರೆ, ಕಣ್ಣು ಗಾಜಿನ ನಡುವಿನಿಂದ ಕೊಂಚ ಸರಿದರೂ ಗೆರೆ ಗುರಿಯ ಮೇಲೆ ತೇಲಾಡುತ್ತದೆ.

ಎಷ್ಟು ತೇಲಾಡುತ್ತದೆ ಎಂಬುದಕ್ಕೆ ಸುಲಭ ಲೆಕ್ಕವಿದೆ. ಮುಂದಿನ ಮಸೂರದ ಅರ್ಧ ಅಗಲವನ್ನು, ನಿಗದಿಯಾದ ದೂರಕ್ಕೂ ಗುರಿಯ ದೂರಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ, ನಿಗದಿಯಾದ ದೂರದಿಂದ ಭಾಗಿಸಬೇಕು. ನಲವತ್ತು ಮಿಲಿಮೀಟರಿನ ಮಸೂರ, ನೂರು ಗಜಕ್ಕೆ ನಿಗದಿ, ಅಳಿಲು ಇಪ್ಪತ್ತೈದು ಗಜದಲ್ಲಿ: ಹದಿನೈದು ಮಿಲಿಮೀಟರು, ಅರ್ಧ ಅಂಗುಲಕ್ಕೂ ಮೇಲೆ. ಮೂವತ್ತೆರಡು ಮಿಲಿಮೀಟರಿನ, ಐವತ್ತು ಗಜಕ್ಕೆ ನಿಗದಿಯಾದ .22 ದುರ್ಬೀನಿನಲ್ಲಿ ಅದೇ ದೂರಕ್ಕೆ ಎಂಟು ಮಿಲಿಮೀಟರು. ಐವತ್ತು ಗಜದಲ್ಲಿ ಮೊದಲಿನದಕ್ಕೆ ಹತ್ತು ಮಿಲಿಮೀಟರು, ಎರಡನೆಯದಕ್ಕೆ ಸೊನ್ನೆ. ಇದು ಕಣ್ಣು ತೀರಾ ಅಂಚಿಗೆ ಸರಿದಾಗಿನ ಗರಿಷ್ಠ ತಪ್ಪು. ಕೆನ್ನೆಯನ್ನು ಪ್ರತಿ ಸಲ ಒಂದೇ ಕಡೆ ಒತ್ತಿ ನೋಡುವ ಪಳಗಿದವನಿಗೆ ಇಷ್ಟು ಆಗುವುದಿಲ್ಲ. ಆದರೆ ಮರದ ತುದಿಯತ್ತ ಕತ್ತೆತ್ತಿ, ಒಂದು ಕಾಲು ಬೇರಿನ ಮೇಲಿಟ್ಟು ಗುರಿ ಹಿಡಿದವನ ಕೆನ್ನೆ ಎಲ್ಲಿರುತ್ತದೋ ಯಾರು ಬಲ್ಲರು! ಅಡಿಕೆಯಷ್ಟು ಗುರಿಗೆ ಅರ್ಧ ಅಂಗುಲದ ತಪ್ಪೆಂದರೆ ತಕ್ಷಣದ ಸಾವಿಗೂ ಮುರಿದ ದವಡೆಗೂ ಇರುವ ಅಂತರ. ಇದನ್ನು ಪರೀಕ್ಷಿಸಲು ಗುಂಡೇ ಬೇಡ. ಬಂದೂಕಿಗೆ ಕೂರಿಸದ ದುರ್ಬೀನನ್ನು ಅಂಗಡಿಯಲ್ಲೇ ಮೇಜಿನ ಮೇಲೆ ಅಲುಗದಂತಿಟ್ಟು, ಗುರಿಗೆರೆಯನ್ನು ರಸ್ತೆಯಾಚೆಯ ಬೋರ್ಡಿನ ಒಂದು ಅಕ್ಷರಕ್ಕೆ ಹಿಡಿದು, ತಲೆಯನ್ನು ಆಚೀಚೆ ಆಡಿಸಿದರೆ ಗೆರೆ ಓಡಾಡುತ್ತದೆಯೋ ನಿಂತಿದೆಯೋ ತಿಳಿಯುತ್ತದೆ.

ಹಿಗ್ಗಿಸುವ ಶಕ್ತಿಯ ವಿಷಯದಲ್ಲಿ ಆಸೆ ಕಡಿಮೆಯಿದ್ದಷ್ಟೂ ಒಳ್ಳೆಯದು. ನಾಲ್ಕು ಪಟ್ಟು ಸಾಕು ಎಂಬ ಹಳಬರ ಮಾತು ಸರಿಯಾಗಿಯೇ ಇದೆ. ಒಂಬತ್ತು ಪಟ್ಟಿಗೆ ಏರಿಸಿದರೆ ಕಾಣುವ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕೊಂಬೆಯಿಂದ ಕೊಂಬೆಗೆ ಹಾರುವ ಪ್ರಾಣಿ ಎಲ್ಲಿ ಹೋಯಿತೆಂದು ಹುಡುಕುವುದೇ ಕೆಲಸವಾಗುತ್ತದೆ. ಕೈಯ ನಡುಕವೂ ಒಂಬತ್ತು ಪಟ್ಟು ದೊಡ್ಡದಾಗಿ ಕಂಡು ಮನಸ್ಸು ಅಳುಕುತ್ತದೆ. ಬೆಳಕಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. ಮೂವತ್ತೆರಡನ್ನು ನಾಲ್ಕರಿಂದ ಭಾಗಿಸಿದರೆ ಎಂಟು ಮಿಲಿಮೀಟರು. ಮನುಷ್ಯನ ಕಣ್ಣಪಾಪೆ ಕತ್ತಲಲ್ಲೂ ಏಳು ಮಿಲಿಮೀಟರಿಗಿಂತ ಹೆಚ್ಚು ಅರಳುವುದು ಅಪರೂಪ. ಅಂದರೆ ಸಣ್ಣ ಗಾಜಿನ, ಕಡಿಮೆ ಶಕ್ತಿಯ ಅಗ್ಗದ ದುರ್ಬೀನು ಮುಂಜಾನೆಯ ಮಬ್ಬಿಗೆ ಕಣ್ಣು ಕೇಳುವಷ್ಟನ್ನು ಕೊಟ್ಟೇ ಕೊಡುತ್ತದೆ.

ದುಡ್ಡು ನಿಜವಾಗಿ ಕೆಲಸ ಮಾಡುವುದು ಗಾಜಿನ ಲೇಪನದಲ್ಲಿ. ಬರಿ ಗಾಜಿನ ಪ್ರತಿಯೊಂದು ಮುಖವೂ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಮುಖಗಳಿದ್ದರೆ ಮೂರನೆಯ ಒಂದು ಪಾಲು ಬೆಳಕು ದಾರಿಯಲ್ಲೇ ಸೋರಿಹೋಗುತ್ತದೆ. ಜರ್ಮನಿಯ ಝೈಸ್ ಕಂಪೆನಿಯಲ್ಲಿ ಸ್ಮಕುಲಾ ಎಂಬ ವಿಜ್ಞಾನಿ 1935ರಲ್ಲಿ ಕಂಡುಹಿಡಿದ ತೆಳುಲೇಪನ ಈ ಸೋರಿಕೆಯನ್ನು ತಡೆಯಿತು. ಇಂದು ಪೆಟ್ಟಿಗೆಯ ಮೇಲೆ ‘ಕೋಟೆಡ್’ ಎಂದಷ್ಟೇ ಇದ್ದರೆ ಎಲ್ಲೋ ಒಂದೆರಡು ಮುಖಕ್ಕೆ ಒಂದು ಪದರ ಬಳಿದಿದ್ದಾರೆ ಎಂದುಕೊಳ್ಳಬಹುದು. ‘ಫುಲ್ಲಿ ಮಲ್ಟಿಕೋಟೆಡ್’ ಎಂದಿದ್ದರೆ ಎಲ್ಲ ಮುಖಗಳಿಗೂ ಹಲವು ಪದರ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಸಂಜೆ ಬಾಗಿಲ ಹೊರಗೆ ನಿಂತು ಮರದ ನೆರಳಿನತ್ತ ನೋಡಬೇಕು.

ಅಗ್ಗದ ದುರ್ಬೀನು .22ರ ಮೇಲೆ ವರ್ಷಗಟ್ಟಲೆ ಬಾಳುವುದಕ್ಕೆ ಬಂದೂಕಿನ ಸಾಧುಸ್ವಭಾವವೇ ಕಾರಣ. ದೊಡ್ಡ ರೈಫಲಿನ ಒದೆ ಮಸೂರಗಳನ್ನು ಸಡಿಲಿಸುತ್ತದೆ, ಇಲ್ಲಿ ಆ ಭಯವಿಲ್ಲ. ವಿಚಿತ್ರವೆಂದರೆ ಸ್ಪ್ರಿಂಗಿನ ಏರ್‌ಗನ್ನು .22ಕ್ಕಿಂತ ದುಷ್ಟ. ಒಳಗಿನ ಸ್ಪ್ರಿಂಗು ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಜಾಡಿಸುವುದರಿಂದ ಸಾದಾ ದುರ್ಬೀನು ಅದರ ಮೇಲೆ ಬಹುಕಾಲ ಉಳಿಯುವುದಿಲ್ಲ.

ಉಳಿತಾಯ ಮಾಡಬಾರದ ಜಾಗವೆಂದರೆ ದುರ್ಬೀನನ್ನು ಬಂದೂಕಿಗೆ ಕಟ್ಟುವ ಬಳೆಗಳು. ಪೆಟ್ಟಿಗೆಯೊಳಗೆ ಉಚಿತವಾಗಿ ಬರುವ ತೆಳು ತಗಡಿನ ಬಳೆ ಸಡಿಲವಾದರೆ ಎಂಥ ಗಾಜೂ ವ್ಯರ್ಥ. ಹಲವು .22 ಬಂದೂಕುಗಳ ಬೆನ್ನಿನ ಮೇಲೆ ಹನ್ನೊಂದು ಮಿಲಿಮೀಟರಿನ ಗಾಡಿ ಕೊರೆದಿರುತ್ತದೆ, ಬಳೆ ಅದಕ್ಕೆ ಹೊಂದಬೇಕು. ಮೇಲಿನ ತಿರುಪುಗಳನ್ನು ‘ಕ್ಲಿಕ್’ ಎನ್ನಿಸಿ ತಿರುಗಿಸಿದರೆ ಗುಂಡು ಬೀಳುವ ಜಾಗ ಸರಿಯುತ್ತದೆ. ಸಾಮಾನ್ಯವಾಗಿ ಒಂದು ಕ್ಲಿಕ್ಕಿಗೆ ನೂರು ಗಜದಲ್ಲಿ ಕಾಲಂಗುಲ. ಅಗ್ಗದ ಸರಕಿನ ಬಣ್ಣ ಬಯಲಾಗುವುದು ಇಲ್ಲೇ. ಹತ್ತು ಕ್ಲಿಕ್ ಬಲಕ್ಕೆ, ಹತ್ತು ಮೇಲಕ್ಕೆ, ಹತ್ತು ಎಡಕ್ಕೆ, ಹತ್ತು ಕೆಳಕ್ಕೆ ತಿರುಗಿಸುತ್ತ ಕಾಗದಕ್ಕೆ ಹೊಡೆದರೆ ಕೊನೆಯ ಗುಂಡು ಮೊದಲಿನ ತೂತಿನ ಬಳಿಗೇ ಬರಬೇಕು. ಬಾರದಿದ್ದರೆ ರಸೀದಿ ಹಿಡಿದು ಅಂಗಡಿಗೆ ವಾಪಸ್ಸು ಹೋಗುವುದೇ ಸರಿ. ಐವತ್ತು ಗಜಕ್ಕೆ ಸರಿಮಾಡಿದ .22ರ ಗುಂಡು ನೂರು ಗಜದಲ್ಲಿ ಸುಮಾರು ಆರು ಅಂಗುಲ ಕೆಳಗೆ ಬೀಳುತ್ತದೆ. ದುರ್ಬೀನಿನಲ್ಲಿ ಹತ್ತಿರ ಕಂಡಿತೆಂದು ದೂರದ ಅಳಿಲಿಗೆ ಹೊಡೆಯುವವನು ಇದನ್ನು ಮರೆತಿರುತ್ತಾನೆ.

ಇನ್ನೂ ಕೆಟ್ಟ ಅಭ್ಯಾಸವೊಂದಿದೆ. ಪೊದೆಯಲ್ಲಿ ಏನೋ ಅಲ್ಲಾಡಿತೆಂದು ಬಂದೂಕಿನ ದುರ್ಬೀನಿನಿಂದಲೇ ಇಣುಕಿ ನೋಡುವುದು. ಅಲ್ಲಿರುವುದು ಸೌದೆ ಆರಿಸಲು ಬಂದ ಮನುಷ್ಯನಾದರೆ, ಆ ಗಳಿಗೆಯಲ್ಲಿ ನಳಿಗೆ ಅವನ ಎದೆಗೆ ನೆಟ್ಟಿರುತ್ತದೆ. ಹುಡುಕಲು ಬೇರೆ ದುರ್ಬೀನು ಬೇಕು. ಈ ಪುಟ್ಟ ಗುಂಡು ಒಂದು ಮೈಲಿಗಿಂತಲೂ ದೂರ ಹೋಗಬಲ್ಲದೆಂದು ತೋಟಾದ ಡಬ್ಬಿಗಳ ಮೇಲೆ ಎಚ್ಚರಿಕೆ ಇರುತ್ತದೆ. ಅಳಿಲಿನ ಹಿಂದೆ ಮರದ ಕಾಂಡವಿಲ್ಲದೆ ಬರಿ ಆಕಾಶವಿದ್ದರೆ ಅನುಭವಸ್ಥರು ಬಂದೂಕು ಇಳಿಸುತ್ತಾರೆ.

ಎಲ್ ಪಾಸೋದ ವೀವರ್ ಕಾರ್ಖಾನೆ 1984ರಲ್ಲಿ ಮುಚ್ಚಿತು. ಹೆಸರು ಕೈಯಿಂದ ಕೈಗೆ ಮಾರಾಟವಾಗಿ ಇಂದಿಗೂ ಚಾಲ್ತಿಯಲ್ಲಿದೆ. ಈಗ ಬರುವ ಅಗ್ಗದ ದುರ್ಬೀನುಗಳಲ್ಲಿ ಬಹುಪಾಲು ಚೀನಾ, ಫಿಲಿಪ್ಪೀನ್ಸ್ ಕಡೆಯವು. ಹಳೆಯ ಮುಕ್ಕಾಲಂಗುಲದ ಉಕ್ಕಿನ ಕೊಳವೆಗಳು ಮಾತ್ರ ಅಮೆರಿಕದ ಸಂತೆಗಳಲ್ಲಿ, ತೀರಿಕೊಂಡವರ ಮನೆಯ ಹರಾಜುಗಳಲ್ಲಿ ಸಿಗುತ್ತಲೇ ಇರುತ್ತವೆ. ಗಾಜು ಮಂಜಾಗಿಲ್ಲವೇ, ಗೆರೆ ತುಂಡಾಗಿಲ್ಲವೇ ಎಂದು ಬೆಳಕಿಗೆ ಹಿಡಿದು ನೋಡಿ, ಕೆಲವು ಡಾಲರ್ ಚೌಕಾಸಿ ಮಾಡಿ, ಅಜ್ಜನ ಒಂಟಿಗುಂಡಿನ ಬಂದೂಕಿಗೆ ಕೂರಿಸಲು ಜನ ಅವನ್ನು ಕೊಂಡೊಯ್ಯುತ್ತಾರೆ.